ಕಾಮಿಕ್ಸಿನಲ್ಲಿ ಮುಳುಗಿದ ಹೊಲ

ನಾನು ಬರೆದದ್ದನ್ನು ಯಾರಾದರೂ ಒಬ್ಬರು ನಂಬಲಿ ಎಂದು ಬಹಳ ದಿನ ಹಂಬಲಿಸಿದ್ದೆ. ಕೊನೆಗೂ ನಂಬಿದರು. ಒಬ್ಬರಲ್ಲ, ಅರ್ಧ ಊರೇ ನಂಬಿತು. ಅವತ್ತು ನೆತ್ತಿಗೇರಿದ ಸಿಟ್ಟು ಇನ್ನೂ ಆರಿಲ್ಲ. ಇದನ್ನು ಬರೆಯುವಾಗಲೂ ನಾನು ಟೈಪ್ ಮಾಡುತ್ತಿಲ್ಲ, ಕೀಬೋರ್ಡನ್ನು ಕುಟ್ಟುತ್ತಿದ್ದೇನೆ. ಅಂಗಡಿಯ ಯಜಮಾನರು ಆಗಲೇ ಎದ್ದು ಬಂದು ಕೀಬೋರ್ಡ್ ಯಾರದ್ದು ಎಂದು ನೆನಪಿಸಿ ಹೋದರು.

ಅಂಗಡಿ ಎಂದರೆ ಸೊರಬದಲ್ಲಿ ನಾನು ಕೆಲಸಕ್ಕಿರುವ ಕಂಪ್ಯೂಟರ್ ಸೆಂಟರು. ಪಹಣಿ ತೆಗೆಸುವವರು, ಜಾತಿ-ಆದಾಯದ ಅರ್ಜಿ ಹಾಕುವವರು, ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸುವವರು ದಿನವಿಡೀ ಬರುತ್ತಾರೆ. ಯಜಮಾನರು ಊಟಕ್ಕೆ ಹೋದ ಹೊತ್ತಿನಲ್ಲಿ ಅದೇ ಪ್ರಿಂಟರಿನಿಂದ ಒಂದು ಸೂಪರ್‌ಹೀರೋ ಕಾಮಿಕ್ಸ್ ಹೊರಗೆ ಬರುತ್ತದೆ. ಕಥೆ ನನ್ನದು. ಚಿತ್ರ ಶಿಕಾರಿಪುರದ ನನ್ನ ಗೆಳತಿಯದು. ಅವಳು ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು, ಬೋರ್ಡ್ ಬರೆಯುವವರ ಮನೆಯ ಹುಡುಗಿ. ಅವಳ ಅಬ್ಬಾ ಅಂಗಡಿಗಳ ಹೆಸರು, ಲಾರಿಗಳ ಹಿಂಬದಿಯ ಹೂವು, ಸರ್ಕಾರಿ ಶಾಲೆಯ ಗೋಡೆಯ ಮೇಲಿನ ನಕ್ಷೆ ಎಲ್ಲ ಬರೆಯುತ್ತಾರೆ. ಅವಳೂ ಬರೆಯುತ್ತಾಳೆ. ಅವಳು ಕೈಯಲ್ಲಿ ಬರೆದ ಅಕ್ಷರವನ್ನು ಮುಟ್ಟಿ ನೋಡಿದರೂ ಅಚ್ಚಿನದೆಂದೇ ಅನ್ನಿಸುತ್ತದೆ. ಮೊದಲನೇ ಸಂಚಿಕೆಯ ಚಿತ್ರವನ್ನು ನಾನೇ ಬರೆದಿದ್ದೆ. ಓದಿದವರೊಬ್ಬರು ಬಂದು, ಕಥೆ ಚೆನ್ನಾಗಿದೆ, ಆದರೆ ತೆಪ್ಪದ ಮೇಲೆ ಅಷ್ಟೊಂದು ಮಂಚ ಯಾಕೆ ಸಾಗಿಸುತ್ತಿದ್ದಾರೆ ಎಂದು ಕೇಳಿದರು. ಅವು ಕುರಿಗಳಾಗಿದ್ದವು. ಅಲ್ಲಿಂದಾಚೆ ನನ್ನ ಕೈಗೆ ಪೆನ್ಸಿಲ್ ಕೊಡುವುದನ್ನು ಅವಳು ನಿಲ್ಲಿಸಿದಳು.

ಕಥೆ ನಡೆಯುವುದು ಮುಂದೆಂದೋ ಬರಬಹುದಾದ, ಬರದೆಯೂ ಇರಬಹುದಾದ ಒಂದು ಕಾಲದಲ್ಲಿ. ಆ ಕಾಲಕ್ಕೆ ಅಂಜನಾಪುರದ ಡ್ಯಾಮನ್ನು ಒಂದು ಕಂಪನಿ ಕೊಂಡಿದೆ. ಏರಿಯನ್ನು ವರ್ಷವರ್ಷವೂ ಎತ್ತರಿಸುತ್ತಾ ಹೋಗಿ, ಈಗ ಶಿಕಾರಿಪುರದಿಂದ ಸೊರಬದ ತನಕ ಒಂದೇ ನೀರು. ಬಂದಳಿಕೆಯ ಗುಡಿಗಳ ಶಿಖರಗಳಿಗೆ ಜನ ದೋಣಿ ಕಟ್ಟುತ್ತಾರೆ. ಕುಪ್ಪಗಡ್ಡೆ ಬಂದರಾಗಿದೆ. ಕುರಿಗಳು ತೇಲುವ ಹುಲ್ಲಿನ ಮೇಲೆ ಮೇಯುತ್ತವೆ. ಸುತ್ತ ನೋಡಿದಲ್ಲೆಲ್ಲ ನೀರು, ಆದರೆ ಒಂದು ಚೊಂಬು ಕುಡಿಯಬೇಕೆಂದರೆ ಕಂಪನಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ದುಡಿದು ದುಡಿದು ಬೆರಳಿನ ಗೆರೆ ಸವೆದವರನ್ನು ಯಂತ್ರ ಗುರುತಿಸುವುದಿಲ್ಲ. ಇದಕ್ಕಾಗಿ ನಾನೇನೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಅಂಥ ಬೆರಳುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒತ್ತಿಸಿ, ಮತ್ತೆ ಒರೆಸಿ ಒತ್ತಿಸುವುದೇ ನನ್ನ ಕೆಲಸ.

ನಮ್ಮ ನಾಯಕಿಯನ್ನು ಎಲ್ಲರೂ ಕಂಬಳಿಯಕ್ಕ ಅನ್ನುತ್ತಾರೆ. ಕುರಿ ಕಾಯುವವಳು. ಬೇರೆ ಊರಿನ ಹೀರೋಗಳ ಬೆನ್ನ ಮೇಲೆ ರೇಷ್ಮೆಯಂಥ ಬಟ್ಟೆ ಹಾರಾಡುತ್ತದೆ. ಇವಳ ತಲೆಯ ಮೇಲೆ ಕರಿ ಕಂಬಳಿಯ ಕೊಪ್ಪೆ. ಕಂಬಳಿಯನ್ನು ಬಿಚ್ಚಿ ನೀರಿನ ಮೇಲೆ ಹಾಸಿದರೆ ಅದು ನೀರನ್ನು ಹೀರುತ್ತದೆ. ಬೇಕಾದಲ್ಲಿ ಒಯ್ದು ಹಿಂಡುತ್ತಾಳೆ, ಅಲ್ಲಿನ ಜನ ಹೆಬ್ಬೆಟ್ಟು ಒತ್ತದೆ ಕುಡಿಯುತ್ತಾರೆ. ಮೊದಲ ಸಂಚಿಕೆಯ ಹುಮ್ಮಸ್ಸಿನಲ್ಲಿ ನಾನು ಅವಳ ಕೈಲಿ ಇಡೀ ನೀರನ್ನು ಒಂದೇ ಪುಟದಲ್ಲಿ ಹೀರಿಸಿಬಿಟ್ಟೆ. ಎರಡನೇ ಸಂಚಿಕೆಗೆ ಕಥೆಯೇ ಉಳಿಯಲಿಲ್ಲ. ಹಾಗಾಗಿ ಕಂಬಳಿ ಒದ್ದೆಯಾದಷ್ಟೂ ಭಾರವಾಗುತ್ತದೆ, ಹೆಚ್ಚು ಹೀರಿದರೆ ಅವಳೇ ಮುಳುಗುತ್ತಾಳೆ ಎಂಬ ನಿಯಮವನ್ನು ತುರ್ತಾಗಿ ತಂದೆವು. ಇನ್ನೊಂದು ಸಲ, ಸತ್ತ ಖಳನಾಯಕ ಸತ್ತದ್ದನ್ನೇ ಮರೆತು ಅವನ ಕೈಲಿ ಭಾಷಣ ಮಾಡಿಸಿದೆ. ಕುಪ್ಪಗಡ್ಡೆಯ ಓದುಗರೊಬ್ಬರು ಹಿಡಿದು ಕೇಳಿದಾಗ, ಇವನು ಅವನ ತಮ್ಮ ಎಂದು ನಿಂತ ನಿಲುವಿನಲ್ಲೇ ಹೇಳಿದೆ. ಹೀಗೆ ತೇಪೆ ಹಾಕಿಕೊಂಡೇ ಕಾಮಿಕ್ಸ್ ನಡೆಯುತ್ತಿತ್ತು. ಓದುವವರು ಕಡಿಮೆ, ಓದಿ ನಗುವವರು ಇನ್ನೂ ಕಡಿಮೆ. ನಂಬುವವರಂತೂ ಒಬ್ಬರೂ ಇರಲಿಲ್ಲ.

ಕಳೆದ ಸಂಚಿಕೆಯ ನಡುಪುಟಕ್ಕೆ ಒಂದು ನಕ್ಷೆ ಇರಲಿ ಎಂದು ನನಗೆ ಹೊಳೆಯಿತು. ಕಂಪನಿ ಈ ವರ್ಷ ಎಲ್ಲಿಯ ತನಕ ನೀರು ಏರಿಸುತ್ತದೆ ಎಂಬ ಗುಟ್ಟಿನ ನಕ್ಷೆ. ಅದರ ಮೂಲೆಯಲ್ಲಿ ಕಂಬಳಿಯಕ್ಕ ಹಾರುತ್ತಾ ಬೈಯುತ್ತಿರುತ್ತಾಳೆ. ಓದುಗನ ಎದೆ ಝಲ್ಲೆನ್ನಬೇಕು, ತನ್ನ ಹೊಲವೇ ನೀರಿನಡಿ ಹೋದಂತೆ ಅವನಿಗೆ ಕಾಣಬೇಕು. ಅದಕ್ಕೆ ನಿಜವಾದ ಗ್ರಾಮನಕ್ಷೆಯನ್ನೇ ಮುಂದಿಟ್ಟುಕೊಂಡೆ. ದಿನಾ ಜನಕ್ಕೆ ತೆಗೆದುಕೊಡುವ ನಕ್ಷೆ ತಾನೆ. ಅಂಜನಾಪುರದ ಹಿನ್ನೀರಿನ ಅಂಚಿನಲ್ಲಿರುವ ನನ್ನ ಚಿಕ್ಕಮ್ಮನ ಊರಿನದನ್ನು ಆರಿಸಿದೆ. ಅಲ್ಲಿನ ಒಂದೊಂದು ಬದುವಿನ ಮೇಲೂ ನಾನು ಬಿದ್ದಿದ್ದೇನೆ, ಹಾಗಾಗಿ ಪರಿಚಯ ಚೆನ್ನಾಗಿತ್ತು. ಗೆಳತಿ ಅದನ್ನು ಸರ್ವೆ ನಂಬರು ಸಮೇತ ಬರೆದಳು. ಮುಳುಗುವ ಹೊಲಗಳಿಗೆ ನೀಲಿ ಗೆರೆ ಎಳೆದಳು. ಕೆಳಗೆ ಕಂಪನಿಯ ದುಂಡು ಮೊಹರು, ಅದರೊಳಗೆ ಕೊಂಬಿಗೆ ಕೊಂಬು ಕೊಟ್ಟು ನಿಂತ ಎರಡು ಟಗರು. ನೋಡಿ ನನಗೇ ಹೆದರಿಕೆಯಾಯಿತು. ಅಷ್ಟು ಚೆನ್ನಾಗಿತ್ತು.

ಆ ಪುಟ ತಿರುಗಿ ನನ್ನ ಕೈಗೆ ಬಂದದ್ದು ಒಬ್ಬ ಗಿರಾಕಿಯ ಫೋನಿನಲ್ಲಿ.

ದೊಡ್ಡದಾಗಿ ಪ್ರಿಂಟ್ ತೆಗೆದುಕೊಡಿ ಎಂದು ಆತ ಫೋನು ಚಾಚಿದ. ನೋಡಿದರೆ ನಮ್ಮ ನಕ್ಷೆ. ಖುಷಿಯಲ್ಲಿ ನನಗೆ ಕುರ್ಚಿಯ ಮೇಲೆ ಕೂರಲಾಗಲಿಲ್ಲ. ಇದು ನಮ್ಮದೇ, ಬೇಕಾದರೆ ಸಹಿ ಹಾಕಿಕೊಡುತ್ತೇನೆ ಎಂದೆ. ಆತ ಗೌರವದಿಂದ ಹಿಂದೆ ಸರಿದು, ಹಾಗಾದರೆ ನೀವು ಸರ್ವೆ ಇಲಾಖೆಯವರಾ ಎಂದು ಕೇಳಿದ. ಆಗ ಮತ್ತೊಮ್ಮೆ ನೋಡಿದೆ. ಮೂಲೆಯಲ್ಲಿ ಕಂಬಳಿಯಕ್ಕ ಇರಲಿಲ್ಲ, ಅವಳ ಬೈಗುಳದ ಗುಳ್ಳೆಯೂ ಇರಲಿಲ್ಲ. ಯಾರೋ ಅಂಚುಗಳನ್ನು ನೀಟಾಗಿ ಕತ್ತರಿಸಿದ್ದರು. ಮೊಹರನ್ನು ಮಾತ್ರ ಉಳಿಸಿಕೊಂಡಿದ್ದರು. ಕೈಯಿಂದ ಕೈಗೆ ಹೋಗಿ ಮಸುಕಾಗಿದ್ದ ಆ ಚಿತ್ರದಲ್ಲಿ ನಮ್ಮ ಟಗರುಗಳು ಥೇಟ್ ಸರ್ಕಾರದ ಲಾಂಛನದ ಹಾಗೆ ಕಾಣುತ್ತಿದ್ದವು. ಕೆಳಗೆ ಒಂದು ಸಾಲು: ಡ್ಯಾಮ್ ಎತ್ತರಿಸುತ್ತಾರೆ, ಮುಳುಗಡೆ ಪಟ್ಟಿ ಹೊರಬೀಳುವ ಮೊದಲೇ ಎಚ್ಚೆತ್ತುಕೊಳ್ಳಿ.

ತನ್ನ ಹೆಂಡತಿಯ ತವರಿನ ಕಡೆ ಜನ ಸಿಕ್ಕಿದ ಬೆಲೆಗೆ ಜಮೀನು ಕೊಡುತ್ತಿದ್ದಾರೆ ಎಂದು ಆತ ಹೇಳಿದ. ಒಬ್ಬ ದಲ್ಲಾಳಿ ಮನೆಮನೆಗೂ ಹೋಗಿ ನಕ್ಷೆ ತೋರಿಸುತ್ತಿದ್ದಾನಂತೆ. ಪಾಪ, ಮುಳುಗುವ ನೆಲವನ್ನೂ ಕೊಳ್ಳುವ ದೊಡ್ಡ ಮನಸ್ಸು ಅವನದು ಎಂದೂ ಸೇರಿಸಿದ. ನಾನು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ನಿಟ್ಟುಸಿರು ಬಿಟ್ಟು, ಹೌದು, ನಿನ್ನ ಚಿಕ್ಕಮ್ಮನೂ ಕೊಡುತ್ತಿದ್ದಾಳೆ, ಸೋಮವಾರ ರಿಜಿಸ್ಟ್ರಿ, ಮುಳುಗಡೆ ಬಂತಲ್ಲಪ್ಪ ಎಂದಳು.

ಆ ಹೊಲ ಚಿಕ್ಕಮ್ಮನಿಗೆ ಅವಳ ಅವ್ವನಿಂದ ಬಂದದ್ದು. ಖಾತೆ ಅವಳ ಹೆಸರಿನಲ್ಲಿದೆ. ಮಳೆಗಾಲಕ್ಕೆ ಗೋವಿನಜೋಳ, ಕಟಾವಾದ ಮೇಲೆ ಅದೇ ಕುರಿ ನಿಲ್ಲಿಸುವ ಜಾಗ. ಚಿಕ್ಕಪ್ಪ ಹಿಂಡು ಹೊಡೆದುಕೊಂಡು ದೂರದ ಬಯಲುಸೀಮೆಗೆ ಮೇವಿಗೆ ಹೋದರೆ ತಿಂಗಳುಗಟ್ಟಲೆ ಫೋನಿಗೂ ಸಿಗುವುದಿಲ್ಲ. ಮನೆ, ಮರಿಗಳು, ಹೊಲ ಎಲ್ಲ ಅವಳೊಬ್ಬಳ ಮೇಲೆ. ಆ ಹೊಲ ಹೋದರೆ ಹಿಂಡು ವಾಪಸು ಬಂದು ನಿಲ್ಲಲು ಜಾಗವಿಲ್ಲ. ಜಾಗವಿಲ್ಲದಿದ್ದರೆ ಹಿಂಡೂ ಇಲ್ಲ. ಅದನ್ನು ನಾನು ಮುಳುಗಿಸಿದ್ದೆ. ಅದೂ ಓದುಗರ ಎದೆ ಝಲ್ಲೆನ್ನಲಿ ಎಂದು.

ಭಾನುವಾರ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದೆ. ಚಿಕ್ಕಮ್ಮನ ಮುಂದೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಂದು ಭಾಷಣ ಕಟ್ಟಿದೆ. ಅದು ಮನಸ್ಸಿನಲ್ಲಿ ಇರಲಿಲ್ಲ, ಬಾಯಿಯಲ್ಲಿತ್ತು ಎಂದು ಗೊತ್ತಾದದ್ದು ಪಕ್ಕದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಾಗ. ಕಂಡಕ್ಟರ್ ಬಂದು, ಯಾರಿಗೆ ಬೈತಿದ್ದೀರಿ, ಡ್ರೈವರಿಗಾ ಎಂದು ವಿಚಾರಿಸಿದ.

ಚಿಕ್ಕಮ್ಮ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ತಾಯಿ ಸತ್ತ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಜಗಲಿಯ ಮೇಲೆ ಪಕ್ಕದ ಹೊಲದವನು ಕೂತಿದ್ದ. ಎರಡೂ ಹೊಲಕ್ಕೆ ನಡುವೆ ಒಂದೇ ಬದು. ನಾನು ಅವನನ್ನು ಅಣ್ಣ ಎಂದೇ ಕರೆಯುವುದು. ಅವನು ಹಿಂದಿನ ವಾರವೇ ತನ್ನ ಹೊಲವನ್ನು ರಿಜಿಸ್ಟ್ರಿ ಮಾಡಿಕೊಟ್ಟು ಮುಗಿಸಿದ್ದ. ಎಲ್ಲರಿಗಿಂತ ಮೊದಲು ಗೆದ್ದ ಖುಷಿ ಮುಖದ ಮೇಲಿತ್ತು. ಮುಂದೆ ಸರ್ಕಾರ ಕೊಡುವ ಪರಿಹಾರ ಎಷ್ಟೋ ಎಂದೋ, ತಾನು ಕೈಗೆ ಬಂದಷ್ಟನ್ನು ಹಿಡಿದವನು ಎಂದು ನನಗೇ ಬುದ್ಧಿ ಹೇಳಿದ.

ನಾನು ಚೀಲದಿಂದ ಕಾಮಿಕ್ಸ್ ತೆಗೆದು, ನಡುಪುಟ ಬಿಡಿಸಿ, ಈ ನಕ್ಷೆ ನಮ್ಮದು, ಇದು ಕಥೆ, ಡ್ಯಾಮೂ ಎತ್ತರಿಸುವುದಿಲ್ಲ, ಎಂಥದೂ ಇಲ್ಲ ಎಂದೆ. ಚಿಕ್ಕಮ್ಮ ನಕ್ಷೆ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ನಗು ಶುರು ಮಾಡಿದಳು. ಮರಿಯ ಬಾಯಿಂದ ಬಾಟಲಿ ಜಾರುವಷ್ಟು ನಕ್ಕಳು.

"ನೀ ಬರ್ದಿದ್ದಾ? ಏನ್ಲೇ, ಹೈಸ್ಕೂಲಿನಾಗೆ ನಮ್ಮ ರಾಜ್ಯದ ನಕ್ಷೆ ಬರಿ ಅಂದ್ರೆ ಬದನೆಕಾಯಿ ಬರ್ದು ಬೆತ್ತದೇಟು ತಿಂದೋನು ನೀನು. ಸರ್ಕಾರದ ನಕ್ಷೆ ಬರೀತಿಯಾ?"

ಅಣ್ಣ ಅವಳಿಗಿಂತ ಜೋರಾಗಿ ನಕ್ಕ. ಹಿಂದೆ ಕುರಿಗೆ ಔಷಧಿ ಕುಡಿಸು ಎಂದರೆ ನಾನೇ ಅರ್ಧ ಕುಡಿದದ್ದು, ತೆಪ್ಪ ಹತ್ತುತ್ತೇನೆಂದು ಹೋಗಿ ತೆಪ್ಪವನ್ನೇ ಮಗುಚಿ ಹಾಕಿದ್ದು, ಎಲ್ಲವನ್ನೂ ಒಂದೊಂದಾಗಿ ತೆಗೆದರು. ಎಲ್ಲವೂ ನಿಜವೇ. ಇಷ್ಟು ವರ್ಷ ನಾನೇ ಉಪ್ಪು ಖಾರ ಹಚ್ಚಿ ಹೇಳಿ ನಗಿಸಿದ ಕಥೆಗಳು. ಅವತ್ತು ಅವು ನನ್ನ ವಿರುದ್ಧದ ಸಾಕ್ಷಿಗಳಾಗಿ ಸಾಲಾಗಿ ನಿಂತವು. ನನ್ನ ದನಿ ಏರುತ್ತಾ ಹೋಯಿತು. ಏರಿದಷ್ಟೂ ಅವರಿಗೆ ನಗು ಹೆಚ್ಚಾಯಿತು. ಸಿಟ್ಟಿನಲ್ಲಿ ಧಡಕ್ಕನೆ ಎದ್ದು ನಿಂತೆ. ಚಿಕ್ಕಮ್ಮನ ಮನೆಯ ಸೂರು ತಗ್ಗು. ತೊಲೆಗೆ ತಲೆ ಬಡಿದು ಅಲ್ಲೇ ಕೂತೆ. ನನ್ನ ಭಾಷಣ ಅಲ್ಲಿಗೆ ಮುಗಿಯಿತು.

ಸಂಜೆ ಅಣ್ಣ ಎದ್ದು ಹೋದ ಮೇಲೆ ಚಿಕ್ಕಮ್ಮ ನನ್ನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಮೆಲ್ಲಗೆ ಹೇಳಿದಳು.

"ನಮ್ಮವ್ವನ ಕಾಲದಾಗೆ ನೀರು ಬಂದಾಗ ಯಾರೂ ಹೇಳಿರ್ಲಿಲ್ಲ. ಬೆಳಿಗ್ಗೆ ಹೋಗಿ ನೋಡಿದ್ರೆ ಶೇಂಗಾದ ಮ್ಯಾಲೆ ನೀರು ನಿಂತಿತ್ತಂತೆ. ಕಿತ್ತು ತರಾಕೂ ಆಗ್ಲಿಲ್ಲಂತೆ. ಈ ಸಲ ಒಬ್ಬ ಪುಣ್ಯಾತ್ಮ ಮೊದ್ಲೇ ಬಂದು ಹೇಳ್ಯಾನೆ. ಅವನ್ನ ಬೈಬ್ಯಾಡ."

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಜನ ದಡ್ಡರು, ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬುತ್ತಾರೆ ಎಂದು ಸೆಂಟರಿನಲ್ಲಿ ಕೂತು ನಾನೂ ಎಷ್ಟೋ ಸಲ ಆಡಿದ್ದೇನೆ. ಆದರೆ ಇವಳು ನಂಬಿದ್ದು ವಾಟ್ಸಾಪನ್ನಲ್ಲ. ಒಮ್ಮೆ ನಿಜವಾಗಿಯೇ ಬಂದಿದ್ದ ನೀರನ್ನು. ಅವಳ ಅವ್ವನ ಶೇಂಗಾ ನಿಜವಾಗಿಯೇ ಮುಳುಗಿತ್ತು. ಆ ದಲ್ಲಾಳಿ ಎಲ್ಲಿಂದಲೋ ಅದನ್ನು ಹೆಕ್ಕಿಕೊಂಡಿದ್ದ. ಯಾರ ಎದೆಯಲ್ಲಿ ಹಳೆಯ ನೀರು ಇನ್ನೂ ನಿಂತಿದೆ ಎಂದು ತಿಳಿದುಕೊಂಡು, ಅಂಥವರ ಮನೆಗೇ ಹುಡುಕಿ ಹೋಗಿದ್ದ. ಕಂಪನಿಯ ಖಳನಾಯಕನಿಗೆ ಮೀಸೆ, ಕಪ್ಪು ಕನ್ನಡಕ, ಗಹಗಹಿಸುವ ನಗು ಎಲ್ಲ ಕೊಟ್ಟು ನಾನು ಕೆಟ್ಟತನವನ್ನು ಬರೆಯುತ್ತಿದ್ದೇನೆಂದು ತಿಳಿದಿದ್ದೆ. ನಿಜವಾದ ಕೆಟ್ಟತನ ಅಕ್ಕಾರೆ ಎಂದು ಕರೆದು, ಚಪ್ಪಲಿ ಬಿಟ್ಟು, ಮಜ್ಜಿಗೆ ಕೇಳಿ ಕುಡಿದು ಹೋಗುತ್ತದೆ. ಅದನ್ನು ನೆನೆದರೆ ನನ್ನ ಬರವಣಿಗೆಯ ಮೇಲೂ ಉರಿ ಹತ್ತುತ್ತದೆ.

ಗೆಳತಿಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿ, ನಿನ್ನ ಬಾಯಿ ಮುಚ್ಚಿಕೊಂಡಿರು, ಬೆಳಿಗ್ಗೆ ನಾನು ಬರುತ್ತೇನೆ ಎಂದಳು. ಸೋಮವಾರ ಮರಿಗಳನ್ನು ಹೊರಗೆ ಬಿಡುವ ಹೊತ್ತಿಗೆ ಅವಳು ಅಬ್ಬಾನ ಸ್ಕೂಟರಿನಲ್ಲಿ ಅಂಗಳಕ್ಕೆ ಬಂದಳು. ಬೆನ್ನಿಗೆ ಬಣ್ಣದ ಚೀಲ, ಕಂಕುಳಲ್ಲಿ ಒಂದು ದೊಡ್ಡ ಬಿಳಿ ಹಾಳೆಯ ಸುರುಳಿ. ಚಿಕ್ಕಮ್ಮನಿಗೆ ನಮಸ್ಕಾರ ಹೇಳಿ, ಯಾವ ವಾದಕ್ಕೂ ಹೋಗದೆ, ಜಗಲಿಯ ಮೇಲೆ ಹಾಳೆ ಹಾಸಿ ಮೂಲೆಗೆ ಕಲ್ಲಿಟ್ಟು ಬರೆಯಲು ಕೂತಳು.

ಅವಳು ನೋಡಿ ಬರೆಯಲಿಲ್ಲ. ಕಾಮಿಕ್ಸನ್ನು ನಾನೇ ನನ್ನ ಅಡಿಗಿಟ್ಟುಕೊಂಡು ಕೂತಿದ್ದೆ. ಮೊದಲು ಹಿನ್ನೀರಿನ ಅಂಚು. ಆಮೇಲೆ ಹಳ್ಳ, ಬಂಡಿದಾರಿ, ಒಂದೊಂದೇ ಹೊಲ. ಸರ್ವೆ ನಂಬರುಗಳು ಅಚ್ಚಿನ ಹಾಗೆ ಅವಳ ಬೆರಳಿನಡಿಯಿಂದ ಎದ್ದು ಬಂದವು. ಚಿಕ್ಕಮ್ಮ ಒಳಗೆ ಹೊರಗೆ ಓಡಾಡುವುದನ್ನು ನಿಲ್ಲಿಸಿದಳು. ಸ್ಕೂಟರಿನ ಸದ್ದಿಗೆ ಬಂದಿದ್ದ ಅಣ್ಣ ಗೋಡೆಗೆ ಒರಗಿ ನಿಂತಿದ್ದ. ದುಂಡು ಮೊಹರಿಗೆ ಬರುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಗೆಳತಿ ಮೊದಲನೇ ಟಗರಿಗೆ ಕೊಂಬು ಬರೆದಳು, ಎರಡನೆಯದಕ್ಕೆ ಬರೆದಳು. ಆಮೇಲೆ ಮೂಲೆಯಲ್ಲಿ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡ ಹೆಂಗಸನ್ನು ಬರೆದಳು.

ಚಿಕ್ಕಮ್ಮ ಬಗ್ಗಿ ಆ ಮುಖವನ್ನು ನೋಡಿದಳು.

"ಇದು ನಾನಲ್ಲೇನು?"

"ಹೌದವ್ವಾ," ಎಂದಳು ಗೆಳತಿ. "ಇವನು ಮೊದ್ಲಿಂದಾನೂ ನಿಮ್ಮನ್ನೇ ಬರೀಬೇಕು ಅಂತ ಹೇಳಿದ್ದ. ನಿಮ್ಮ ಫೋಟೋ ಕಳ್ಸಿದ್ದ."

ಚಿಕ್ಕಮ್ಮ ನನ್ನ ಕಡೆ ತಿರುಗಲಿಲ್ಲ. ಜಗಲಿಯ ಅಂಚಿನಲ್ಲಿ ಕೂತಳು. ನಕ್ಷೆ ಸುಳ್ಳು ಎಂಬುದು ಅವಳ ಒಳಗೆ ಇಳಿದದ್ದು ನನಗೆ ಕಂಡಿತು. ನಾನು ಗೆದ್ದೆ ಎಂದುಕೊಂಡೆ. ಎಂದಿನಂತೆ ಅವಸರಪಟ್ಟಿದ್ದೆ.

"ಮಾತು ಕಂಬಳಿ ಮ್ಯಾಲೆ ಆಗೇತಿ," ಎಂದಳು. "ನಕ್ಷೆ ಸುಳ್ಳಾದ್ರೆ ಆಗ್ಲಿ. ನಾನು ಎಲಿ-ಅಡಿಕೆ ಇಸ್ಕಂಡೀನಿ. ನನ್ನ ಮಾತು ಸುಳ್ಳಾಗಂಗಿಲ್ಲ."

ನಮ್ಮ ಮನೆತನದಲ್ಲಿ ದೊಡ್ಡ ಮಾತು ಆಗುವುದು ಕಂಬಳಿಯ ಮೇಲೆ. ಹೆಣ್ಣು ಕೊಡುವುದು, ಕುರಿ ಪಾಲು ಮಾಡುವುದು, ಜಮೀನು ಕೊಡುವುದು, ಏನೇ ಇರಲಿ, ಕರಿ ಕಂಬಳಿ ಹಾಸಿ, ಅದರ ಮೇಲೆ ಕೂತು ಎಲೆ ಅಡಿಕೆ ಹಿಡಿದು ಹೇಳಿದರೆ ಮುಗಿಯಿತು. ಬರೆದು ಸಹಿ ಹಾಕಿದ್ದನ್ನು ಕೋರ್ಟಿನಲ್ಲಿ ಮುರಿಯಬಹುದು, ಇದನ್ನು ಮುರಿಯಲು ಕೋರ್ಟಿಲ್ಲ. ನನಗೆ ಎಂಥ ಉರಿ ಹತ್ತಿತೆಂದರೆ, ಕಂಬಳಿಯನ್ನು ಸುಟ್ಟುಹಾಕುತ್ತೇನೆ ಎಂದು ಅಂದುಬಿಟ್ಟೆ. ಕಂಬಳಿಯನ್ನೇ ಹೀರೋ ಮಾಡಿ ಕಥೆ ಬರೆಯುವವನ ಬಾಯಲ್ಲಿ ಬಂದ ಮಾತು ಅದು. ಗೆಳತಿ ನನ್ನ ಕಾಲನ್ನು ಬಲವಾಗಿ ತುಳಿದಳು.

ಅಷ್ಟರಲ್ಲಿ ದಲ್ಲಾಳಿಯ ಕಾರು ಬಂತು. ಬಿಳಿ ಅಂಗಿ, ಹಣೆಯ ಮೇಲೆ ಕುಂಕುಮ, ಮುಖದ ತುಂಬ ಮರ್ಯಾದೆ. ಅಕ್ಕಾರೆ, ಹೊತ್ತಾತು, ಆಫೀಸಿನಾಗೆ ಸಾಲು ದೊಡ್ಡದಾಗ್ತತಿ, ಆಧಾರ್ ಕಾರ್ಡ್ ತಗಂಡ್ರಾ ಎಂದು ವಿಚಾರಿಸಿದ. ಜಗಲಿಯ ಮೇಲಿದ್ದ ಹಾಳೆಯ ಮೇಲೆ ಅವನ ಕಣ್ಣು ಬಿತ್ತು. ಮೊಹರಿನ ಮಸಿ ಇನ್ನೂ ಒದ್ದೆಯಾಗಿತ್ತು. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅದಕ್ಕೆ ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸಿಕ್ಕಿಬಿದ್ದವನು ಒಂದು ಸಲ ಉಗುಳಾದರೂ ನುಂಗಬೇಕು.

ಚಿಕ್ಕಮ್ಮ ಒಳಗೆ ಹೋಗಿ ಕಂಬಳಿ ತಂದಳು. ಅಂಗಳದಲ್ಲಿ ಹಾಸಿದಳು. ಸುಕ್ಕು ಇಲ್ಲದ ಹಾಗೆ ನಾಲ್ಕೂ ಕಡೆ ಎಳೆದಳು. ಮಾತಾದ ದಿನ ಅವನಿಂದ ಇಸಿದುಕೊಂಡಿದ್ದ ಎಲೆ ಅಡಿಕೆಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೈಯಲ್ಲಿ ಹಿಡಿದಳು. ಎಲೆ ಬಾಡಿತ್ತು.

"ಕುಂದ್ರಿ," ಎಂದಳು.

"ಯಾಕೆ ಅಕ್ಕಾರೆ, ಮಾತು ಆಗೇತಲ್ಲ."

"ನನ್ನ ಮಾತು ಆಗೇತಿ. ನಿಮ್ದು ಆಗ್ಬೇಕು. ಅವತ್ತು ನೀವು ಪ್ಯಾಂಟು ಬಿಗಿ ಐತಿ ಅಂತ ಕುರ್ಚಿ ಮ್ಯಾಲೆ ಕುಂತಿದ್ರಿ. ಇವತ್ತು ಇದ್ರ ಮ್ಯಾಲೆ ಕುಂತು, ಈ ನಕ್ಷೆ ಸರ್ಕಾರದ್ದು ಅಂತ ಒಂದು ಮಾತು ಹೇಳ್ರಿ. ನಾನು ಹಿಂದೆ ಮುಂದೆ ನೋಡ್ದಂಗೆ ಬಂದು ಕಾರ್ ಹತ್ತೀನಿ."

ಅವನು ಕೂರಲಿಲ್ಲ. ನಗುತ್ತಲೇ ನಿಂತಿದ್ದ. ಅವನೂ ಇದೇ ಸೀಮೆಯವನು. ಅವನ ಅಜ್ಜನೂ ಯಾವುದೋ ಕಂಬಳಿಯ ಮೇಲೆ ಕೂತು ಮಾತು ಕೊಟ್ಟಿರುತ್ತಾನೆ. ಸ್ಟಾಂಪ್ ಪೇಪರಿನ ಮೇಲಾದರೆ ನೂರು ಸುಳ್ಳಿಗೆ ಸಹಿ ಹಾಕಿಸುವವನು, ಆ ಕರಿ ಉಣ್ಣೆಯ ಅಂಚಿಗೆ ಬಂದು ಕಾಲು ಹಿಂದೆ ಎಳೆದುಕೊಂಡ.

"ನಾನು ಯಾವಾಗ ಸರ್ಕಾರದ್ದು ಅಂದೆ ಅಕ್ಕಾರೆ? ಫೋನಿನಾಗೆ ಬಂದಿತ್ತು, ತೋರ್ಸಿದೆ ಅಷ್ಟೆ. ನಿಮ್ಮ ಒಳ್ಳೇದಕ್ಕೆ."

ಚಿಕ್ಕಮ್ಮ ಆ ಬಾಡಿದ ಎಲೆ ಅಡಿಕೆಯನ್ನು ಅವನ ಕೈಗೆ ಕೊಡಲಿಲ್ಲ. ಬಗ್ಗಿ ಅವನ ಕಾಲ ಬಳಿ ನೆಲದ ಮೇಲಿಟ್ಟಳು. ಕಂಬಳಿ ಮಡಿಸಿಕೊಂಡು ಒಳಗೆ ಹೋದಳು. ಹೊಲ ಉಳಿಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಷ್ಟು ಕುಟ್ಟುತ್ತಿರಲಿಲ್ಲ. ದಲ್ಲಾಳಿ ಅವಸರವಿಲ್ಲದೆ ಜಗಲಿಗೆ ಬಂದು, ಗೆಳತಿ ಬರೆದ ನಕ್ಷೆಯನ್ನು ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಂಡ. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿದ.

"ಚಲೋ ಬರೀತೀರಿ ತಮ್ಮಾ, ಇಬ್ರೂ. ಮುಂದಿನ ಪುಸ್ತಕದಾಗೆ ಯಾವ ಊರು ಮುಳುಗ್ತತಿ, ಒಂದು ಮಾತು ಮೊದ್ಲೇ ತಿಳ್ಸಿರಿ."

ಖಳನಾಯಕರಿಗೆ ಪುಟಗಟ್ಟಲೆ ತಕ್ಕ ಉತ್ತರ ಕೊಡಿಸುವವನು, ಎದುರಿಗೆ ಒಬ್ಬ ಬಂದು ನಿಂತಾಗ ಬಾಯಿ ತೆರೆದು ಬಿಕ್ಕಳಿಸಿದೆ. ನಿಜವಾಗಿಯೂ ಬಿಕ್ಕಳಿಕೆ ಬಂತು. ಅವನು ಕಾರಿನಲ್ಲಿದ್ದ ನೀರಿನ ಬಾಟಲಿ ಕೊಟ್ಟ. ನಾನು ಕುಡಿದೆ. ಇದಕ್ಕಿಂತ ದೊಡ್ಡ ಅವಮಾನ ನನಗೆ ಯಾವ ಶತ್ರುವೂ ಮಾಡಿಲ್ಲ, ಅದರಲ್ಲಿ ಅರ್ಧ ನನ್ನದೇ ಕೊಡುಗೆ.

ಅವನ ಕಾರು ಹೋದ ಮೇಲೆ ಗೆಳತಿ ಹಾಳೆಯನ್ನು ಹರಿದು ಒಲೆಗೆ ಹಾಕಿದಳು. ಫೋಟೋ ಆಗಲೇ ಹೋಗಿತ್ತು. ಆಮೇಲೆ ಪರಿಚಯದ ವಕೀಲರೊಬ್ಬರನ್ನು ಕೇಳಿದೆವು. ಅಣ್ಣನ ಕ್ರಯಪತ್ರದಲ್ಲಿ ನಕ್ಷೆಯ ಸುದ್ದಿಯೇ ಇಲ್ಲ, ಸ್ವಂತ ಇಚ್ಛೆಯಿಂದ ಮಾರಿದ್ದೇನೆ ಎಂದು ಬರೆದಿದೆ, ದಾವೆ ಹಾಕಬಹುದು, ಆದರೆ ದಲ್ಲಾಳಿ ಹೇಳಿದ್ದು ಬಾಯಿಮಾತು, ಅದಕ್ಕೆ ಸಾಕ್ಷಿ ಎಲ್ಲಿ ಎಂದರು ಅವರು. ಹಿನ್ನೀರಿಗೆ ಮುಖ ಮಾಡಿ ರೆಸಾರ್ಟು ಕಟ್ಟುವವರು ಯಾರೋ ಅವನ ಹಿಂದೆ ಇದ್ದಾರೆ ಎಂಬುದೂ ಅವರಿಂದಲೇ ತಿಳಿಯಿತು. ಜನರಿಗೆ ಮುಳುಗುವ ನೆಲ ಎಂದು ಹೇಳಿ ಕೊಂಡದ್ದನ್ನು, ನೀರು ಕಾಣುವ ನೆಲ ಎಂದು ಮಾರುತ್ತಾರೆ. ನೀರೂ ಅದೇ, ನೆಲವೂ ಅದೇ.

ಆದರೆ ಅವತ್ತು ಇದೆಲ್ಲ ಗೊತ್ತಿರಲಿಲ್ಲ. ಅವತ್ತು ಚಿಕ್ಕಮ್ಮ ಒಳಗಿನಿಂದ ರೊಟ್ಟಿ ತಟ್ಟೆ ಹಿಡಿದು ಬಂದಳು. ಗೆಳತಿಗೆ ಕೊಟ್ಟಳು. ನನಗೆ ಕೊಡಲಿಲ್ಲ.

"ಮುಳುಗ್ಸಾಕೆ ಸ್ವಂತ ಚಿಕ್ಕಮ್ಮನ ಹೊಲನೇ ಬೇಕಿತ್ತೇನ್ಲೇ ನಿಂಗೆ? ಊರಾಗೆ ಬ್ಯಾರೆ ಹೊಲ ಇರ್ಲಿಲ್ವಾ?" ಎಂದು ಕೇಳಿದಳು. ನಗುತ್ತಿರಲಿಲ್ಲ.

ಕಥೆಗೆ ಬೇಕಿತ್ತು ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಮುಂದಿನ ಪುಸ್ತಕದಲ್ಲಿ ನೀರು ಇಳಿಸು ಎಂದಳು. ಹಾಗೆಲ್ಲ ಇಳಿಸಲಾಗುವುದಿಲ್ಲ, ಏರಿದ ನೀರಿಗೆ ಕಥೆಯಲ್ಲಿ ಒಂದು ಕಾರಣ ಇರುತ್ತದೆ, ಓದುಗರು ಕೇಳುತ್ತಾರೆ ಎಂದೆ. ಸತ್ತವನಿಗೆ ತಮ್ಮನನ್ನು ಹುಟ್ಟಿಸಿದವನು ಒಂದು ಹೊಲದ ನೀರು ಇಳಿಸಲಾರೆಯಾ ಎಂದು ಗೆಳತಿ ರೊಟ್ಟಿ ಮುರಿಯುತ್ತಾ ಕೇಳಿದಳು. ಸರಿ, ಇಳಿಸುತ್ತೇನೆ ಎಂದೆ. ಕಂಬಳಿಯಕ್ಕ ಬರುತ್ತಾಳೆ, ಕಂಬಳಿ ಹಾಸುತ್ತಾಳೆ, ಬದುವಿನ ಈಚೆ ಆಚೆ ಎರಡೂ ಹೊಲದ ನೀರು ಹೀರುತ್ತಾಳೆ. ಹೇಳುತ್ತಾ ಹೇಳುತ್ತಾ ನನಗೂ ಹುರುಪು ಬಂತು.

ಅಣ್ಣ ಇಷ್ಟು ಹೊತ್ತೂ ಗೋಡೆಯ ಬಳಿ ನಿಂತೇ ಇದ್ದ. ಅವನು ಇದ್ದಾನೆಂಬುದನ್ನೇ ನಾವು ಮರೆತಿದ್ದೆವು.

"ನೀರು ಇಳಿದ್ರೆ ನನ್ನ ಜಮೀನು ವಾಪಸ್ ಬರ್ತತೇನು?" ಎಂದು ಕೇಳಿದ.

ಇಲ್ಲ ಅಣ್ಣಾ ಎಂದೆ. ತಮಾಷೆ ಏನಾದರೂ ಸಿಗುತ್ತದೆಯೇ ಎಂದು ನಾಲಿಗೆಯ ಮೇಲೆಲ್ಲ ಹುಡುಕಿದೆ.

ಅವನು ಬದುವಿನ ಕಡೆ ತಿರುಗಿದ.

"ಹಂಗಾರೆ ನಂದು ಇಳಿಸಬ್ಯಾಡ," ಎಂದ. "ಮುಳುಗೇ ಇರ್ಲಿ."